ಹಾತ್ ಲಾವೂ ನಕಾ

ಇವತ್ತು ಮೂರೇ ಮೂರು ಬೈಟಿನ (ಕಂಪ್ಯೂಟರ್ ಮೆಮೊರಿಯಲ್ಲಿ ಒಂದು ಅಕ್ಷರ ಹಿಡಿಯೋ ಖಾನೆ) ಸಲುವಾಗಿ ಜಗಳ ಮಾಡಿ ಬಂದಿದ್ದೀನಿ. ಜಗಳ ಅಂದ್ರೆ ಜಗಳಾನೇ, ಕಾನ್ಫರೆನ್ಸ್ ಕಾಲ್‌ನಲ್ಲಿ ಒಂಬತ್ತು ಜನರ ಎದುರಿಗೆ. ಪುಣೆ ಕಡೆಯ ನಾಶಿಕ್ ಫಾಟಾದ ಟ್ರಾಫಿಕ್ಕಿನಲ್ಲಿ ಮುಕ್ಕಾಲು ತಾಸು ನಿಂತೆ, ದಾರಿಯಲ್ಲಿ ಅಮೃತತುಲ್ಯದಾಗ ಎರಡು ಚಹಾ ಕುಡಿದೆ, ಸಿಟ್ಟು ಇಳೀಲಿಲ್ಲ. ಅದಕ್ಕೇ ಇಲ್ಲಿ ಕಕ್ಕುತ್ತಿದ್ದೀನಿ. ಉದ್ದ ಆಗುತ್ತೆ, ಬ್ಯಾಸರಾದವರು ಮುಂದಿನ ಬೆಕ್ಕಿನ ವಿಡಿಯೋಗೆ ಹೋಗಬಹುದು.

ನನ್ನ ಕೆಲಸ ಏನು ಅಂತ ನಿಮಗೆ ಗೊತ್ತೇ ಇದೆ. ಎಲ್ಲರೂ ಸತ್ತೇ ಹೋಗಿದೆ ಅಂದ್ಕೊಂಡಿರೋ ಸಾಫ್ಟ್‌ವೇರನ್ನ ಉಸಿರಾಡಿಸ್ತಾ ಕೂಡೋದು. ಇನ್‌ಫಾರ್ಮಿಕ್ಸ್ 4ಜಿಎಲ್, ಡೇಟಾಬೇಸಿನ ಪ್ರೋಗ್ರಾಂ ಬರೆಯೋಕೆ 1986ರಲ್ಲಿ ಬಂದ ಭಾಷೆ. ಆ ಡೇಟಾಬೇಸ್ ವ್ಯವಹಾರ 2001ರಲ್ಲಿ ಐಬಿಎಂ ಕೈಗೆ ಹೋಯ್ತು. ಮೊನ್ನೆ ಸಂಬಂಧಿಕರ ಮದುವೆಯಲ್ಲಿ ಒಬ್ಬ ಹುಡುಗ ‘ಅಂಕಲ್, ಅದು ಇನ್ನೂ ಇದೆಯಾ?’ ಅಂತ ಕೇಳಿದ. ಇದೆಯಪ್ಪಾ. ನಾನೂ ಇದ್ದೀನಿ.

ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಒಬ್ಬ ಗಿರಾಕಿ ಇದ್ದಾರೆ, ಹೆಸರು ಬೇಡ. ಅವರ ಬಿಡಿಭಾಗಗಳ ಸ್ಟೋರ್ ಪೂರ್ತಿ ಈ 4ಜಿಎಲ್ ಮೇಲೆ ನಡೆಯುತ್ತೆ. ಪರದೆ, ಮೆನು, ಕ್ವೆರಿ ಎಲ್ಲ 4ಜಿಎಲ್. ಯಾವ ಸಾಮಾನು ಎಷ್ಟು ಆರ್ಡರ್ ಮಾಡಬೇಕು ಅಂತ ಲೆಕ್ಕ ಹಾಕಿ ಖರೀದಿ ಪಟ್ಟಿಗೆ ಸಾಲು ಬರೆಯೋ ಕೆಲಸ ಮಾತ್ರ ಸಿ ಅನ್ನೋ ಇನ್ನೊಂದು ಭಾಷೆಯ ಒಂದು ಫಂಕ್ಷನ್ನಿನದು (ಪ್ರೋಗ್ರಾಂನ ಒಂದು ತುಂಡು). ಆ ಕಾಲದಲ್ಲಿ ಯಾರೋ ‘ಸಿ ಅಂದ್ರೆ ಫಾಸ್ಟ್’ ಅಂತ ಬರೆದು ಲಿಂಕ್ ಮಾಡಿದ್ದಾರೆ.

ಕಳೆದ ವಾರ ಆ ಸ್ಟೋರಿನ ಕಾಕಾ ಫೋನ್ ಮಾಡಿದ್ರು. ವಿಜಾಪುರದ ಕಡೆಯವರು, ಮೂವತ್ತು ವರ್ಷದಿಂದ ಪುಣೆಯಲ್ಲೇ ಇದ್ದಾರೆ, ಮಾತು ಮಾತ್ರ ಒಂದು ಕಿಲೋಮೀಟರೂ ಸರಿದಿಲ್ಲ. ‘ಸರ, ನಿಮ್ಮ ಲಿಸ್ಟ್‌ನ್ಯಾಗ ಆಯಿಲ್ ಸೀಲ್ ಎಂಟ ಸಾವಿರದ ಎರಡನೂರಾ ಇಪ್ಪತ್ನಾಕ ಅದಾವಂತ ಬಂದೈತಿ. ನನ್ನ ರ್‍ಯಾಕ್‌ನ್ಯಾಗ ಹನ್ನೊಂದ ಅದಾವ. ಉಳಿದವು ನಿಮ್ಮ ಮನ್ಯಾಗ ಇದ್ರ ಕಳಸ್ರಿ.’

ಪರದೆ ಮೇಲೆ 11. ಪಟ್ಟಿಯಲ್ಲಿ 8224. ಆಯಿಲ್ ಸೀಲ್ ಅಷ್ಟೇ ಅಲ್ಲ, ಸರ್ಕ್ಲಿಪ್ 8224, ಗ್ಯಾಸ್ಕೆಟ್ 8224, ಬೇರಿಂಗ್ 8224. ಎಲ್ಲವೂ ಧಾರಾಳ ಇದ್ದ ಮೇಲೆ ಆರ್ಡರ್ ಯಾಕೆ? ಪ್ರೋಗ್ರಾಂ ಯಾವುದನ್ನೂ ಆರ್ಡರ್ ಮಾಡಲಿಲ್ಲ. ಕ್ರ್ಯಾಶ್ ಆಗಲಿಲ್ಲ, ಎರರ್ ಬರಲಿಲ್ಲ, ಕೋರ್ ಫೈಲ್ ಬೀಳಲಿಲ್ಲ. ನಗುನಗುತ್ತಾ ಸುಳ್ಳು ಹೇಳಿತು, ಅಷ್ಟೇ.

ಈಗ ನನ್ನ ಸಿಟ್ಟಿನ ವಿಷಯಕ್ಕೆ ಬರ್ತೀನಿ. ಇದು ಶುರುವಾದದ್ದು ನಮ್ಮ ಹೊಸ ಹುಡುಗಿಯ ಒಂದು ಬದಲಾವಣೆಯಿಂದ. ಸೊಲ್ಲಾಪುರದವಳು, ಓದಿದ್ದು ಮರಾಠಿ, ಮನೆಯಲ್ಲಿ ಕನ್ನಡ. ಆ ಸಿ ಫಂಕ್ಷನ್ನಿನಲ್ಲಿ 80 ಅಕ್ಷರದ ಒಂದು ಅರೇ (ಅಕ್ಷರ ಇಡೋ ಖಾನೆಗಳ ಪೆಟ್ಟಿಗೆ), ಅದರೊಳಗೆ ಏನನ್ನೋ ಸ್‌ಪ್ರಿಂಟ್‌ಎಫ್ ಮಾಡೋ, ಅಂದ್ರೆ ಬರೆದಿಡೋ, ಒಂದು ಸಾಲು ಇತ್ತು. ಆ ಅರೇಯನ್ನ ಮುಂದೆ ಯಾರೂ ಓದಲ್ಲ, ಬಳಸಲ್ಲ. ಅವಳು ಕಸ ಅಂತ ತೆಗೆದಳು. ಸರಿಯಾದ ಕೆಲಸಾನೇ ಮಾಡಿದಳು. ಆ ಸಾಲಿನ ಮೇಲೆ ಒಂದು ಕಾಮೆಂಟ್ ಇತ್ತು, ಇಂಗ್ಲಿಷ್ ಅಕ್ಷರದಲ್ಲಿ ಮರಾಠಿ: ‘ಹಾತ್ ಲಾವೂ ನಕಾ’. ಮುಟ್ಟಬೇಡಿ. ಯಾಕೆ ಮುಟ್ಟಬಾರದು, ಮುಟ್ಟಿದ್ರೆ ಏನಾಗುತ್ತೆ, ಬರೆದವರು ಯಾರು, ಒಂದಕ್ಕೂ ಉತ್ತರ ಇಲ್ಲ.

ಕಾಲ್‌ನಲ್ಲಿ ನಮ್ಮ ಮ್ಯಾನೇಜರು, ಹುಬ್ಬಳ್ಳಿಯವನೇ, ನನಗಿಂತ ಹದಿನಾಲ್ಕು ವರ್ಷ ಚಿಕ್ಕವನು, ಹೇಳಿದ್ದಿಷ್ಟು: ‘ಸರ, ಆ ಸಾಲು ಇದ್ದಾಗ ನಡೀತಿತ್ತಲ್ರೀ? ವಾಪಸ್ ಹಾಕಿಬಿಡ್ರಿ. ಮುಗೀತು.’ ಅತ್ತ ಗಿರಾಕಿಯ ಕಡೆಯವರು ಅದನ್ನೇ ಮರಾಠಿಯಲ್ಲಿ ಹೇಳಿದ್ರು, ಚಾಲತಂಯ ನಾ, ಮಗ ಚಾಲೂ ದೇ. ಆಮೇಲೆ ಆ ಹುಡುಗಿಗೆ ಹತ್ತು ನಿಮಿಷ ‘ಪ್ರೊಸೆಸ್’ ಬಗ್ಗೆ ಪ್ರವಚನ. 8224 ಅಂದ್ರೆ ಏನು ಅಂತ ಒಂಬತ್ತು ಜನರಲ್ಲಿ ಒಬ್ಬರೂ ಕೇಳಲಿಲ್ಲ. ಒಬ್ಬರೂ! ಎಂಟು ಸಾವಿರದ ಎರಡು ನೂರಾ ಇಪ್ಪತ್ನಾಲ್ಕು, ನೂರಾರು ಸಾಮಾನಿಗೆ ಒಂದೇ ಸಂಖ್ಯೆ, ತಲೆಯಲ್ಲಿ ಒಂದು ಹುಳಾನೂ ಕೊರೀಲಿಲ್ವಾ ನಿಮಗೆ?

ಕಾಲ್ ಮುಗಿದ ಮೇಲೆ ಅವಳು ಮೆಲ್ಲಗೆ ಕೇಳಿದಳು, ‘ಸರ್, ನಾ ಏನ್ ತಪ್ಪ ಮಾಡೀನ್ರಿ?’ ಏನೂ ಇಲ್ಲವ್ವಾ. ಹೂತಿಟ್ಟಿದ್ದ ಹೆಣ ನೀನು ಅಗೆದೆ, ಕೊಂದವರು ಬೇರೆ.

ಜಗಳಕ್ಕೂ ಮೊದಲು ಎರಡು ದಿನ ಕೂತು ಹುಡುಕಿದ್ದೆ. ಆ ಎರಡು ದಿನ ಉಳಿದವರು ಏನು ಮಾಡ್ತಿದ್ರು ಅಂತೀರಾ? ಡೇಟಾಬೇಸ್ ಕೆಟ್ಟಿದೆ ಅಂತ ಅದನ್ನ ತಪಾಸಣೆ ಮಾಡೋ ಆನ್‌ಚೆಕ್ ರಾತ್ರಿಯಿಡೀ ಓಡಿಸಿದ್ರು. ಟೇಬಲ್ಲಿನಲ್ಲಿ 11 ಅಂತ ಕಣ್ಣಿಗೆ ರಾಚೋ ಹಾಗೆ ಇದೆ, ಪರದೆಗೂ 11 ಬರ್ತಿದೆ, ಆದ್ರೂ ಬೈಗುಳ ಡೇಟಾಬೇಸಿಗೆ. ಹಳೇ ಮುದುಕ ಮನೆಯಲ್ಲಿದ್ರೆ ಕಳ್ಳತನದ ಅನುಮಾನ ಮೊದಲು ಅವನ ಮೇಲೇನೇ.

4ಜಿಎಲ್‌ನದೇ ಒಂದು ಡಿಬಗ್ಗರ್, ಅಂದ್ರೆ ತಪ್ಪು ಹುಡುಕೋ ಸಾಧನ, ಇದೆ. ಅದು ಸಿ ಫಂಕ್ಷನ್ನಿನ ಬಾಗಿಲ ತನಕ ಬಂದು, ಚಪ್ಪಲಿ ಬಿಟ್ಟು ಹೊರಗೇ ಕೂತುಬಿಡುತ್ತೆ. ಒಬ್ಬ ಮಹಾಶಯ ‘ವಾಲ್‌ಗ್ರಿಂಡ್ ಹಾಕ್ರಿ’ ಅಂದ. ಹಾಕಿದೆ. ವಾಲ್‌ಗ್ರಿಂಡಿನ ಮೆಮ್‌ಚೆಕ್ ಅನ್ನೋ ಮೆಮೊರಿ ತಪಾಸಣೆ ಸಾಧನ, ಮಲ್ಲಾಕ್ ಮಾಡಿದ (ಪ್ರೋಗ್ರಾಂ ಕೇಳಿ ಪಡೆದ) ಜಾಗ ಮೀರಿದ್ರೆ ಹಿಡಿಯುತ್ತೆ, ಫಂಕ್ಷನ್ನಿನ ಒಳಗಿನ ಲೋಕಲ್ ಅರೇ ದಾಟಿ ಪಕ್ಕದ್ದನ್ನ ತುಳಿದ್ರೆ ಸುಮ್ಮನಿರುತ್ತೆ. ಅಂಥದ್ದೇ ಇನ್ನೊಂದು ಸಾಧನ ಅಡ್ರೆಸ್ ಸ್ಯಾನಿಟೈಸರೂ ಇಲ್ಲಿ ಕೈಕೊಡುತ್ತೆ. ತುಳಿಯೋದು 4ಜಿಎಲ್‌ನ ಲೈಬ್ರರಿ, ಅದನ್ನ ಆ ಸ್ಯಾನಿಟೈಸರ್ ಹಾಕಿ ಕಂಪೈಲ್ ಮಾಡೋಕೆ ಸೋರ್ಸ್ ನಮ್ಮ ಹತ್ತಿರ ಎಲ್ಲಿದೆ? ಕೊನೆಗೆ ಉಳಿದದ್ದು ಜಿಡಿಬಿ ಅನ್ನೋ ಸಿ ಡಿಬಗ್ಗರ್, ಕಾಗದ, ಪೆನ್ನು.

8224ನ್ನ ಹೆಕ್ಸ್‌ಗೆ, ಅಂದ್ರೆ ಹದಿನಾರರ ಲೆಕ್ಕಕ್ಕೆ, ತಿರುಗಿಸಿದೆ. 2020. ಕುರ್ಚಿಯಿಂದ ಎದ್ದುಬಿಟ್ಟೆ. 20 ಅಂದ್ರೆ ಆಸ್ಕಿಯಲ್ಲಿ (ಅಕ್ಷರಕ್ಕೊಂದು ಸಂಖ್ಯೆ ಕೊಡೋ ಪಟ್ಟಿ) ಸ್ಪೇಸ್, ಖಾಲಿ ಜಾಗ. ಎರಡು ಖಾಲಿ ಜಾಗ ಒಟ್ಟಿಗೆ ಕೂತು ತಾವು ಎಂಟು ಸಾವಿರದ ಆಯಿಲ್ ಸೀಲ್ ಅಂತ ಹೇಳ್ಕೋತಿವೆ! ಪಟ್ಟಿ ಮತ್ತೆ ನೋಡಿದೆ. ಹೊಸ ನಮೂನೆಯ ಉದ್ದ ಕೋಡ್‌ಗಳಲ್ಲಿ ‘00’ ಅಂತ ಮುಗಿಯೋವಕ್ಕೆ ಸ್ಟಾಕ್ 12336. ಹೆಕ್ಸ್‌ನಲ್ಲಿ 3030. 30 ಅಂದ್ರೆ ಸೊನ್ನೆ ಅನ್ನೋ ಅಕ್ಷರ. ಅಂದ್ರೆ ಸಾಮಾನಿನ ಕೋಡ್‌ನ ಬಾಲ ಹೋಗಿ ಸ್ಟಾಕ್‌ನ ಸಂಖ್ಯೆ ಮೇಲೆ ಕೂತಿದೆ.

4ಜಿಎಲ್‌ನಿಂದ ಸಿ ಗೆ ಮಾತು ಹೋಗೋ ರೀತಿ ಸ್ವಲ್ಪ ವಿಚಿತ್ರ. ಆರ್ಗ್ಯುಮೆಂಟ್‌ಗಳನ್ನ, ಅಂದ್ರೆ ಫಂಕ್ಷನ್ನಿಗೆ ಕೊಡೋ ಮಾಹಿತಿಯನ್ನ, 4ಜಿಎಲ್ ತನ್ನ ಸ್ಟ್ಯಾಕ್ (ಒಂದರ ಮೇಲೊಂದು ಪೇರಿಸೋ ಜಾಗ) ಮೇಲೆ ಸಾಲಾಗಿ ಹೇರುತ್ತೆ, ಸಿ ಫಂಕ್ಷನ್ನಿಗೆ ‘ಎಷ್ಟಿವೆ’ ಅನ್ನೋ ಲೆಕ್ಕ ಮಾತ್ರ ಕೊಡುತ್ತೆ. ತೆಗೆದುಕೊಳ್ಳೋದು ಸಿ ಕೆಲಸ, ಅದೂ ಉಲ್ಟಾ. ನಮ್ಮ ಕಡೆಯ ರೊಟ್ಟಿ ಬುಟ್ಟಿ ಇದ್ದಂಗೆ, ಕೊನೆಗೆ ಬಡಿದದ್ದು ಮೊದಲು ಕೈಗೆ. ಕೋಡ್ ಮೊದಲು, ಸ್ಟಾಕ್ ಆಮೇಲೆ ಅಂತ ಕಳಿಸಿದ್ರೆ, ಸಿ ಮೊದಲು ಪಾಪ್‌ಇಂಟ್‌ನಿಂದ ಸ್ಟಾಕ್ ತೆಗೆಯುತ್ತೆ, ಆಮೇಲೆ ಪಾಪ್‌ಕೋಟ್‌ನಿಂದ ಕೋಡ್. ಈ ಪಾಪ್‌ಕೋಟ್ ನಮ್ಮ ದೊಡ್ಡವ್ವ ಊಟಕ್ಕೆ ಬಡಿಸಿದಂಗೆ. 16 ಬೈಟ್ ಅಂದ್ರೆ ಬರೋಬ್ಬರಿ 16 ಬೈಟ್ ತುಂಬೋದೇ. ಕೋಡ್ ಚಿಕ್ಕದಿದ್ರೆ ಉಳಿದ ಜಾಗಕ್ಕೆ ಸ್ಪೇಸ್ ಸುರಿದು, ಕೊನೆಯ ಬೈಟಿಗೆ ನಲ್, ಅಂದ್ರೆ ‘ಇಲ್ಲಿಗೆ ಮುಗೀತು’ ಅನ್ನೋ ಗುರುತು, ಇಡುತ್ತೆ. ಎಲೆ ಎಷ್ಟು ಅಗಲ ಅಂತ ನೋಡೋದಿಲ್ಲ.

ಎಲೆ, ಅಂದ್ರೆ ಕೋಡ್ ಇಡೋ ಅರೇ, 13 ಬೈಟಿಂದು. ಮೊದಲು ಕೋಡ್ 12 ಅಕ್ಷರ ಇತ್ತು, ನಲ್ ಸೇರಿ 13. 2009ರಲ್ಲಿ ಕೋಡ್ 15 ಅಕ್ಷರ ಆಯ್ತು. ಯಾರೋ ಪಾಪ್‌ಕೋಟ್‌ಗೆ 16 ಅಂತ ತಿದ್ದಿದ್ರು, ನಾಲ್ಕು ಸಾಲು ಮೇಲಿದ್ದ ಅರೇಯ 13ನ್ನ ಹಾಗೇ ಬಿಟ್ರು.

ಹಾಗಾದ್ರೆ ಇಷ್ಟು ವರ್ಷ ಹೇಗೆ ನಡೀತು? ಹಳೇ ಯಂತ್ರದ ಕಂಪೈಲರ್ ಪಕ್ಕದ ಇಂಟ್ (ಸ್ಟಾಕ್‌ನ ಸಂಖ್ಯೆ) ನಾಲ್ಕರ ಗುಣಕದಲ್ಲಿ ಕೂರಲಿ ಅಂತ 13ರ ಪಕ್ಕ ಮೂರು ಬೈಟ್ ಖಾಲಿ ಬಿಟ್ಟಿತ್ತು. ಖಾಲಿ ಸೈಟು. ಕಸ ಎಲ್ಲ ಅಲ್ಲಿ ಬೀಳ್ತಿತ್ತು, ಯಾರಿಗೂ ತೊಂದರೆ ಇಲ್ಲ. 2014ರಲ್ಲಿ ಲಿನಕ್ಸ್‌ಗೆ ಬಂದ್ವಿ. ಹೊಸ ಕಂಪೈಲರ್ ಅರೇಯ ಬಾಲವನ್ನ ಸ್ಟಾಕ್ ಸಂಖ್ಯೆಗೆ ಅಂಟಿಸಿ ಕೂರಿಸ್ತು, ಖಾಲಿ ಸೈಟಿನಲ್ಲಿ ಮನೆ ಎದ್ದಿತು. ಆಗಲೇ ಯಾರೋ ಈ 8224ನ್ನ ಕಂಡಿದ್ದಾರೆ. ಹುಡುಕೋಕೆ ಅಂತ 80 ಅಕ್ಷರದ ಅರೇ, ಸ್‌ಪ್ರಿಂಟ್‌ಎಫ್ ಸಾಲು ಹಾಕಿದ್ದಾರೆ. ಆ ಅರೇ ನಡುವೆ ಬಂದು ಏಟು ತಾನು ತಿಂದಿದೆ, 8224 ಮಾಯ. ಅವರು ಕೈಮುಗಿದು, ‘ಹಾತ್ ಲಾವೂ ನಕಾ’ ಅಂತ ಕುಂಕುಮ ಹಚ್ಚಿ ಮನೆಗೆ ಹೋಗಿದ್ದಾರೆ.

ಜಿಡಿಬಿಯಲ್ಲಿ ಆ ಸಂಖ್ಯೆ ಮೇಲೆ ವಾಚ್, ಅಂದ್ರೆ ಕಾವಲು, ಇಟ್ಟೆ. ಆಪ್ಟಿಮೈಸೇಶನ್ (ವೇಗಕ್ಕಾಗಿ ಕಂಪೈಲರ್ ಮಾಡೋ ಹೊಂದಾಣಿಕೆ) ಮುಟ್ಟಲಿಲ್ಲ, ಅದು ಬದಲಾದ್ರೆ ಸ್ಟ್ಯಾಕಿನ ಮನೆಗಳೂ ಅದಲುಬದಲಾಗಿ ಕಳ್ಳ ಓಡಿಹೋಗ್ತಾನೆ. 11 ಇದ್ದದ್ದು ಪಾಪ್‌ಕೋಟ್ ಒಳಗೆ 32 ಆಯ್ತು. ಮುಂದೆ ಬಿಟ್ಟೆ, 8224. ಹುಡುಗಿಯನ್ನ ಕರೆದು ತೋರಿಸಿದೆ. ‘ಅಯ್ಯ, ಒಂದೊಂದೇ ಸ್ಪೇಸ್ ಬೀಳಾಕ್ಹತ್ತೈತಲ್ರಿ!’ ಅಂದಳು. ಈ ಕಸುಬಿನಲ್ಲಿ ಇಂಥ ಗಳಿಗೆ ವರ್ಷಕ್ಕೆ ಒಂದೋ ಎರಡೋ. ಆಮೇಲೆ ಅರೇ ಮೀರಿ ಬರೆದ್ರೆ ಹಿಡಿಯೋ ಸ್ಟ್ಯಾಕ್ ಪ್ರೊಟೆಕ್ಟರ್ ಫ್ಲ್ಯಾಗ್ ಹಾಕಿ ಕಂಪೈಲ್ ಮಾಡಿದೆ. ಮೊದಲ ಸಾಮಾನಿಗೇ ‘ಸ್ಟ್ಯಾಕ್ ಸ್ಮ್ಯಾಶಿಂಗ್ ಡಿಟೆಕ್ಟೆಡ್’ ಅಂತ ಕೂಗಿ ಸತ್ತಿತು. ಹಳೇ ಮೇಕ್‌ಫೈಲನ್ನ (ಕಂಪೈಲ್ ಮಾಡೋ ಸೂಚನೆಗಳ ಫೈಲು) ಹಾಗೇ ಹೊತ್ತು ತಂದಿರದಿದ್ರೆ 2014ರಲ್ಲೇ ಕೂಗ್ತಿತ್ತು.

ಇಷ್ಟೂ ಕಾಲ್‌ನಲ್ಲಿ ಹೇಳಿದೆ. ಬಂದ ಉತ್ತರ: ‘ಮೂರೇ ಬೈಟಲ್ರೀ ಸರ.’

ಮೂರೇ ಬೈಟು! 1988ರಲ್ಲಿ ಮಾರಿಸ್ ವರ್ಮ್ ಅನ್ನೋ ತಾನೇ ಹರಡೋ ಪ್ರೋಗ್ರಾಂ ಇಂಟರ್‌ನೆಟ್ಟನ್ನೇ ಹಾಸಿಗೆ ಹಿಡಿಸಿದಾಗ, ಅದು ಒಳನುಗ್ಗಿದ ಬಾಗಿಲುಗಳಲ್ಲಿ ಒಂದು ಇದೇ ಜಾತಿಯದು. ಫಿಂಗರ್ ಸರ್ವರಿನಲ್ಲಿ 512 ಬೈಟಿನ ಒಂದು ಬಫರ್, ಅಳತೆ ನೋಡದೆ ತುಂಬೋ ಗೆಟ್ಸ್ ಅನ್ನೋ ಫಂಕ್ಷನ್. ಅದನ್ನ ಸಿ ಭಾಷೆಯಿಂದ ಕೊನೆಗೆ 2011ರ ಸ್ಟ್ಯಾಂಡರ್ಡಿನಲ್ಲಿ ಕಿತ್ತು ಹಾಕಿದ್ರು. ನಮ್ಮಲ್ಲಿ ಕೀಳೋದು ಬಿಡಿ, ಪೂಜೆ ಮಾಡ್ತೀವಿ.

ನಿಮ್ಮಲ್ಲಿ ಒಬ್ಬರಾದ್ರೂ ಈಗ ಕೇಳೇ ಕೇಳ್ತೀರಿ: ಗೇಟಿನಲ್ಲಿ ಟ್ರಕ್ ನಿಂತಿರುವಾಗ ನಿನ್ನ ಹೆಕ್ಸ್ ಪುರಾಣ ಯಾರಿಗೆ ಬೇಕು, ಮೊದಲು ನಡೆಸು, ಆಮೇಲೆ ಹುಡುಕು. ಒಪ್ಪಿದೆ. ನಾನೇ ಮೊದಲ ದಿನ ಸಂಜೆ ಆ ಸಾಲು ವಾಪಸ್ ಹಾಕಿ ಪಟ್ಟಿ ತೆಗೆದು ಕೊಟ್ಟಿದ್ದೀನಿ. ಆದ್ರೆ ಆ ‘ಆಮೇಲೆ’ ಇದೆಯಲ್ಲ, ಅದು 2014ರಲ್ಲಿ ಹೊರಟದ್ದು ಇನ್ನೂ ಪುಣೆಯ ಸ್ವಾರಗೇಟ್ ಬಸ್ ನಿಲ್ದಾಣ ಮುಟ್ಟಿಲ್ಲ. ಇನ್ನು ‘ಎಲ್ಲಾ ಜಾವಾದಲ್ಲಿ ಬರೆದುಬಿಡಿ’ ಅನ್ನೋರು. ಹೌದು, ಜಾವಾದಲ್ಲಿ ಹೀಗೆ ಪಕ್ಕದ ಮನೆ ತುಳಿಯೋಕೆ ಆಗಲ್ಲ, ಎಕ್ಸೆಪ್ಶನ್, ಅಂದ್ರೆ ತಪ್ಪಿನ ಎಚ್ಚರಿಕೆ, ಬರುತ್ತೆ. ಇದೇ ಮಹನೀಯರು ಆ ಎಕ್ಸೆಪ್ಶನ್ನನ್ನ ಖಾಲಿ ಕ್ಯಾಚ್ ಬ್ಲಾಕಿನಲ್ಲಿ ಹಿಡಿದು, ಏನೂ ಮಾಡದೆ ನುಂಗಿ, ಮೇಲೆ ‘ಹಾತ್ ಲಾವೂ ನಕಾ’ ಅಂತ ಬರೀತಾರೆ.

ಬೈಯೋದು ಸುಲಭ. ಇವತ್ತು ಊಟ ಮಾಡುವಾಗ ನೆನಪಾಗಿ ತುತ್ತು ಗಂಟಲಲ್ಲಿ ನಿಂತ ವಿಷಯ ಹೇಳ್ತೀನಿ. ಈ ಕಾಮೆಂಟ್ ನಾನು ಮೊದಲು ಕಂಡದ್ದು 2018ರಲ್ಲಿ. ಮಾನಿಟರಿನ ಫೋಟೋ ತೆಗೆದು ಇಲ್ಲೇ, ಇದೇ ಗೋಡೆ ಮೇಲೆ ಹಾಕಿದ್ದೆ: ‘ಪುಣೇರಿ ಪಾಟಿ ಈಗ ಕೋಡಿನೊಳಗೂ!’ ಪುಣೆಯವರ ಕೊಂಕು ಮಾತಿನ ಫಲಕಕ್ಕೆ ಹಾಗಂತಾರೆ. ನಿಮ್ಮಲ್ಲಿ ಸುಮಾರು ಜನ ಹಾಹಾ ಒತ್ತಿದ್ರಿ. ನಾನೂ ಆ ದಿನವಿಡೀ ಲೈಕ್ ಎಣಿಸ್ತಾ ಕೂತಿದ್ದೆ. ಆ ಸಾಲಿನ ಕೆಳಗೆ ಏನಿದೆ ಅಂತ ಸ್ಕ್ರೋಲ್ ಮಾಡಿ ನೋಡಲಿಲ್ಲ. ಸೋಮಾರಿತನ ಅಂತ ಹೇಳಿದ್ರೆ ಮರ್ಯಾದೆ ಉಳಿಯುತ್ತೆ, ನಿಜ ಅಂದ್ರೆ ಹೆದರಿದ್ದೆ. ಮುಟ್ಟಿದ್ರೆ ನನ್ನ ಹೆಸರಿಗೆ ಬರುತ್ತೆ ಅಂತ. ಆ ಹುಡುಗಿ ಬಂದು ಐದು ತಿಂಗಳಾಗಿದೆ, ಹೆದರಲಿಲ್ಲ. ನಾವು ಅವಳಿಗೆ ಹೆದರೋದನ್ನ ಕಲಿಸೋಕೆ ಹೊರಟಿದ್ದೀವಿ, ಪ್ರೊಸೆಸ್ ಅಂತ ಹೆಸರಿಟ್ಟು.

13ನ್ನ 16 ಮಾಡೋಕೆ ಮೂರು ಸೆಕೆಂಡ್ ಹಿಡೀತು. ಆಮೇಲೆ ಇಬ್ಬರೂ ಕೂತು ಎಲ್ಲಾ ಪಾಪ್‌ಕೋಟ್ ಕರೆಗಳನ್ನ ಅರೇಗಳ ಅಳತೆ ಜೊತೆ ತಾಳೆ ನೋಡಿದ್ವಿ, ಇನ್ನೂ ಎರಡು ಕಡೆ ಇದೇ ಕಥೆ. ಒಂದನ್ನ ಅವಳೇ ಹಿಡಿದಳು. ಕಾಕಾನಿಗೆ ಪಟ್ಟಿ ಕಳಿಸಿದೆ. ‘ಈಗ ಹನ್ನೊಂದ ಅಂತ ಬಂತ ನೋಡ್ರಿ. ಆದ್ರ ಸರ, ಎರಡ ನಿನ್ನೆ ಹ್ವಾದುವು, ಒಂಬತ್ತ ಅದಾವ’ ಅಂದ್ರು. ಚೀಟಿ ಬರೆಯದೆ ಕೊಟ್ಟಿದ್ದಾರೆ. ಅದಕ್ಕೆ ನನ್ನ ಹತ್ತಿರ ಡಿಬಗ್ಗರ್ ಇಲ್ಲ.

ಏಳೂವರೆಗೆ ಮ್ಯಾನೇಜರಿನ ಮೆಸೇಜ್ ಬಂತು: ‘ಸರ, 16 ಮಾಡಿದ್ದು ಛಲೋ ಆತು. ಆದ್ರ ಆ ಹಳೇ ಸಾಲೂ ಇರ್ಲಿ, ಸೇಫ್ಟಿಗೆ.’

ಆ ಸಾಲು ತೆಗೆದಿದ್ದೀನಿ. ಚೆಕ್‌ಇನ್ ಕೂಡ ಆಗಿದೆ. ಅವನಿಗೆ ಇನ್ನೂ ಹೇಳಿಲ್ಲ, ಆದ್ರೆ ಅವನು ನನ್ನ ಫ್ರೆಂಡ್ ಲಿಸ್ಟಿನಲ್ಲಿದ್ದಾನೆ. ಓದ್ಲಿ.