ಮಳೆ, ಎರೆಮಣ್ಣು, ಎರಡನೇ ಜೊತೆ ಬೂಟು

ಬಳ್ಳಾರಿಯ ಮಳೆಗೆ ಹಟ ಜಾಸ್ತಿ. ಜೂನಿನಲ್ಲಿ ಬಾ ಎಂದು ಮುಗಿಲು ನೋಡಿದರೆ ಬರುವುದಿಲ್ಲ. ಸೆಪ್ಟೆಂಬರಿನಲ್ಲಿ, ಉತ್ತರಿ ನಕ್ಷತ್ರ ಕೂಡಿದ ಮೇಲೆ, ಅದೂ ಹದಿನೆಂಟು ಕಿಲೋಮೀಟರು ಓಡಬೇಕೆಂದು ಬರೆದಿಟ್ಟ ಭಾನುವಾರ ಬೆಳಗಿನ ಐದಕ್ಕೆ ತಗಡಿನ ಮೇಲೆ ಬಂದು ಕೂರುತ್ತದೆ. ಅಲಾರಾಂ ಆರಿಸಿದ ಕೈ ಹಾಗೇ ಕೌದಿಯೊಳಗೆ ವಾಪಸಾಗುತ್ತದೆ. ಅದೇ ಹೊತ್ತಿಗೆ ಓಟದ ಗುಂಪಿನ ವಾಟ್ಸಾಪಿಗೆ ಬೆಟ್ಟದ ತುದಿಯಲ್ಲಿ ಸೂರ್ಯ ಹುಟ್ಟುವ ಚಿತ್ರವೊಂದು ಬಂದು ಬೀಳುತ್ತದೆ, ಕೆಳಗೆ ಛಲದ ಬಗ್ಗೆ ಎರಡು ಸಾಲು. ಕಳಿಸಿದವರೂ ಕೌದಿಯೊಳಗೇ ಇರುತ್ತಾರೆ. ಓಡುತ್ತಿರುವವರ ಕೈಯಲ್ಲಿ ಚಿತ್ರ ಕಳಿಸಲು ಫೋನೆಲ್ಲಿರುತ್ತದೆ? ಅದು ಹಾಲಿನ ಪ್ಯಾಕೆಟ್ಟಿನೊಳಗೆ ಸುತ್ತಿಕೊಂಡು ಸೊಂಟದಲ್ಲಿರುತ್ತದೆ. ಹೊರಗೆ ತೆಗೆದರೂ ಒದ್ದೆ ಬೆರಳಿಗೆ ಪರದೆ ಮಾತು ಕೇಳುವುದಿಲ್ಲ.

ಮನಸ್ಸಿಗೆ ಉಪದೇಶ ಹಿಡಿಸುವುದಿಲ್ಲ, ಚೌಕಾಸಿ ಹಿಡಿಸುತ್ತದೆ. ಹದಿನೈದು ನಿಮಿಷ ಓಡೋಣ, ಬೇಡವೆನಿಸಿದರೆ ವಾಪಸ್ ಎಂದು ಒಪ್ಪಂದ ಮಾಡಿಕೊಂಡರೆ ಸಾಕು. ಮೈ ಕಾಯಲು ಬೇಕಾಗುವುದೂ ಅಷ್ಟೇ ಹೊತ್ತು. ನಮ್ಮ ಕಡೆಯ ಮಳೆ ಓಡುವವರಿಗೆ ಚಳಿ ಹುಟ್ಟಿಸುವುದಿಲ್ಲ, ನಿಂತವರಿಗೆ ಹುಟ್ಟಿಸುತ್ತದೆ. ಮನೆ ಬಾಗಿಲ ಮುಂದೆ ಆರು ಸಲ ಹಾಯುವ ಮೂರು ಕಿಲೋಮೀಟರಿನ ಸುತ್ತು ಮಾತ್ರ ಬೇಡ, ಎರಡನೇ ಸುತ್ತಿಗೇ ಒಳಗಿನ ಚಹಾದ ವಾಸನೆ ಕೈ ಹಿಡಿದು ಎಳೆಯುತ್ತದೆ. ಮೋಕಾ ರಸ್ತೆ ಹಿಡಿದು ಒಂಬತ್ತು ಹೋದರೆ ಒಂಬತ್ತು ಬರಲೇಬೇಕು. ಹೋಗುವಾಗ ಗಾಳಿ ಎದುರಿಗಿರಲಿ, ಬರುವಾಗ ಬೆನ್ನಿಗೆ. ಮಿಂಚಿದರೆ ಎಣಿಸಿ, ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿಸಿತೋ, ಓಟ ಮುಗಿಯಿತು, ಒಂದು ಗಟ್ಟಿ ಕಟ್ಟಡದೊಳಗೆ ಸೇರಿಕೊಳ್ಳಿ. ಬಯಲಿನ ಒಂಟಿ ಬೇವಿನ ಮರ ಆಸರೆಯಲ್ಲ.

ರೇನ್‌ಕೋಟ್ ಹಾಕಿದವರು ಒಳಗೆ ಬೆವರಿನಲ್ಲಿ ಬೇಯುತ್ತಾರೆ. ಹತ್ತಿ ಬನಿಯನ್ ನೀರು ಕುಡಿದು ಜೋತುಬಿದ್ದು ಮೈ ಉಜ್ಜುತ್ತದೆ, ಐದಾರು ಕಿಲೋಮೀಟರಿಗೆ ಎದೆಯ ತೊಟ್ಟು ಕಿತ್ತುಬರುತ್ತದೆ. ತೊಡೆಸಂದಿಗೆ, ಕಂಕುಳಿಗೆ, ತೊಟ್ಟಿಗೆ, ಕಾಲ್ಬೆರಳ ಸಂದಿಗೆ ವ್ಯಾಸಲಿನ್ ಧಾರಾಳವಾಗಿರಲಿ. ಕಣ್ಣಿಗೆ ನೀರು ಬೀಳದಂತೆ ಮುಂಚಾಚಿದ ಟೋಪಿ. ಲೇಸಿಗೆ ಎರಡು ಗಂಟು. ರಸ್ತೆಯ ಬಿಳಿ ಪಟ್ಟೆ ತುಳಿಯಬೇಡಿ, ಜಾರುತ್ತದೆ.

ಇಷ್ಟಾದರೂ ಹಾಸಿಗೆ ಬಿಡದಿದ್ದರೆ ಅದಕ್ಕೆ ಕಾರಣ ಬೂಟು. ಓಡುವುದಕ್ಕೆ ಯಾರೂ ಹೆದರುವುದಿಲ್ಲ, ಓಡಿ ಬಂದು ಬೂಟು ತೊಳೆಯುವುದಕ್ಕೆ ಹೆದರುತ್ತಾರೆ.

ಈ ಸೀಮೆಯ ಎರೆಮಣ್ಣು ಗೊತ್ತಲ್ಲ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಾಯಿಬಿಟ್ಟಿರುತ್ತದೆ, ಮಳೆ ಕುಡಿದರೆ ಉಬ್ಬಿ ಅಂಟಾಗುತ್ತದೆ. ಮಳೆಯಾದ ಮರುದಿನ ರೈತರು ಎರಿ ಹೊಲಕ್ಕೆ ಎತ್ತನ್ನೂ ಇಳಿಸುವುದಿಲ್ಲ, ಟ್ರ್ಯಾಕ್ಟರನ್ನೂ ಇಳಿಸುವುದಿಲ್ಲ. ತಾವು ಹೋಗಲೇಬೇಕಾದರೆ ಚಪ್ಪಲಿ ಕೈಯಲ್ಲಿ ಹಿಡಿಯುತ್ತಾರೆ. ಎಂಟು ಸಾವಿರದ ಬೂಟಿನವರಿಗೆ ಅಷ್ಟು ಬುದ್ಧಿ ಇರುವುದಿಲ್ಲ. ಎದುರಿಗೆ ಬಂದ ಲಾರಿಗೆ ದಾರಿ ಬಿಡಲು ಡಾಂಬರಿನಿಂದ ಎರಡು ಹೆಜ್ಜೆ ಕೆಳಗಿಳಿದರೆ ಅಟ್ಟೆಯ ಕಚ್ಚುಗಳೆಲ್ಲ ಭರ್ತಿ, ಆರನೇ ಹೆಜ್ಜೆಗೆ ಕಾಲಿಗೆ ರೊಟ್ಟಿಯ ಹಂಚು ಕಟ್ಟಿದಂತೆ. (ಸಂಡೂರು ಕಡೆಯ ಅದಿರಿನ ಕೆಂಪು ರಾಡಿ ಇಷ್ಟು ಅಂಟುವುದಿಲ್ಲ, ಆದರೆ ಬಿಳಿ ಸಾಕ್ಸನ್ನು ಮರೆತುಬಿಡಿ.)

ಬಂದ ಕೂಡಲೇ ಬೂಟನ್ನು ನಲ್ಲಿಗೆ ಹಿಡಿಯುವವರೇ ಹೆಚ್ಚು. ಹಸಿ ಮಣ್ಣು ಕರಗಿ ಬಲೆಬಟ್ಟೆಯೊಳಗೆ ಇಳಿದು ಕೂರುತ್ತದೆ. ದಪ್ಪ ಹೆಂಟೆಯನ್ನು ಕಡ್ಡಿಯಿಂದ ಕೆತ್ತಿ, ಉಳಿದದ್ದು ಒಣಗಿದ ಮೇಲೆ ಬೂಟಿಗೆ ಬೂಟು ಬಡಿಯಬೇಕು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಬೇಕು. ಒಳಗಿನ ಮೆತ್ತೆ ತೆಗೆದು ಬೇರೆ ಒಣಗಿಸಿ. ಬಿಸಿಲಿಗಿಟ್ಟರೆ, ಒಲೆಯ ಹತ್ತಿರ ಇಟ್ಟರೆ ಅಂಟು ಬಿಡುತ್ತದೆ. ಒಳಗೆ ಪೇಪರು ತುರುಕಿ ಫ್ಯಾನಿನ ಕೆಳಗಿಡಿ. ಮೊದಲ ಉಂಡೆಗಳನ್ನು ಅರ್ಧ ಗಂಟೆಗೆ ಬದಲಿಸಿ, ಎರಡನೆಯವನ್ನು ಎರಡು ಗಂಟೆಗೆ, ಮೂರನೆಯವು ರಾತ್ರಿಯಿಡೀ ಇರಲಿ. ನುಣುಪು ಕಾಗದದ ಬಣ್ಣದ ಪುರವಣಿ ಹನಿ ನೀರೂ ಹೀರುವುದಿಲ್ಲ. ಯಶಸ್ಸಿನ ಸೂತ್ರಗಳೂ ಸಾಮಾನ್ಯವಾಗಿ ಅದೇ ಪುಟದಲ್ಲಿರುತ್ತವೆ. ನೀರು ಹೀರಲು ಒಳಪುಟದ ಟೆಂಡರ್ ಜಾಹೀರಾತೇ ಬೇಕು. ಹೀಗೆಲ್ಲ ಮಾಡಿದರೂ ಸೋಮವಾರ ಬೆಳಿಗ್ಗೆ ಬೆರಳ ಕಡೆ ತೇವವಿರುತ್ತದೆ, ಆ ತೇವದಲ್ಲೇ ಮತ್ತೆ ಓಡಿದರೆ ಮೆತ್ತಗಾದ ಚರ್ಮ ಉಜ್ಜಿ ಬೊಬ್ಬೆ. ಅದಕ್ಕೇ ಎರಡನೇ ಜೊತೆ. ಕಪಾಟಿನಲ್ಲಿ ಒಣ ಬೂಟು ಕಾದಿದೆ ಎಂದು ಗೊತ್ತಿದ್ದರೆ ಕೌದಿ ಅರ್ಧ ಹಗುರ.

ಇನ್ನು ದಾರಿಯ ಹೋಟೆಲು. ಹದಿನಾಲ್ಕನೇ ಕಿಲೋಮೀಟರಿಗೆ ಸರಿಯಾಗಿ, ಎಣ್ಣೆಯಲ್ಲಿ ಮಿರ್ಚಿ ಬಿಡುವ ಸದ್ದು, ಪಕ್ಕದಲ್ಲಿ ಮಂಡಕ್ಕಿ ಒಗ್ಗರಣೆಯ ಗುಡ್ಡೆ. ತಗಡಿನ ಕೆಳಗೆ ನಿಂತವರಲ್ಲಿ ಒಬ್ಬರು ಕೇಳಿಯೇ ಕೇಳುತ್ತಾರೆ, "ಯಾರ್ ಬೆನ್ನ ಹತ್ಯಾರ್ರೀ ಸರ?" ಒಳಗಿನಿಂದ ಇನ್ನೊಂದು ದನಿ, "ಬರ್ರೀ, ಬಿಸಿ ಅದಾವ. ಮಳಿ ನಿಂತ ಮ್ಯಾಲ ಓಡೀರಂತ." ಇದಕ್ಕೆ ಉತ್ತರ ಯಾವ ತರಬೇತಿಯಲ್ಲೂ ಇಲ್ಲ. ನಿಂತರೆ ಮೈ ತಣಿಯುತ್ತದೆ, ಮೀನಖಂಡ ಹಿಡಿಯುತ್ತದೆ, ಉಳಿದ ನಾಲ್ಕು ಕಿಲೋಮೀಟರು ಆಟೋದಲ್ಲಿ ಆಗುತ್ತದೆ.

ಮನೆಗೆ ಬಂದು, ಮೊದಲು ಒಣ ಅಂಗಿ, ಆಮೇಲೆ ಬೂಟು. ಅಷ್ಟರಲ್ಲಿ ಹಿರಿಯರು ಕನ್ನಡಕ ಒರೆಸುತ್ತ ಹಜಾರಕ್ಕೆ ಬರುತ್ತಾರೆ.

"ಇವತ್ತಿನ ಪೇಪರ್ ಎಲ್ಲೈತಿ?"

"ಬಲಗಾಲಿನ್ಯಾಗ ಐತ್ರೀ."