ಎಲ್‌ಪಿಗೆ ತೆಂಗಿನೆಣ್ಣೆ ಹಚ್ಚಬೇಡಿ: ಸ್ಪಷ್ಟನೆ

ಮಳೆಗಾಲದಲ್ಲಿ ಬೂಷ್ಟು ಹಿಡಿದ ಎಲ್‌ಪಿಗೆ (ಹಾಡಿನ ವಿನೈಲ್ ಪ್ಲೇಟಿಗೆ) ತೆಂಗಿನೆಣ್ಣೆ ಸವರಿದರೆ ಹೊಸದರಂತೆ ಹಾಡುತ್ತದೆ ಎಂಬ ವಾಟ್ಸ್‌ಆ್ಯಪ್ ಸಂದೇಶ ಮಂಗಳೂರು, ಉಡುಪಿಯಲ್ಲಿ ಓಡಾಡುತ್ತಿದೆ. ಜೊತೆಗೆ ಬ್ರಿಟಿಷ್ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ 1973ರ ಆಲ್ಬಮ್ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಪ್ಲೇಟಿನ ಚಿತ್ರ. ಈ ಸಲಹೆ ತಪ್ಪು.

ಎಣ್ಣೆ ಹಚ್ಚಿದ ಕೂಡಲೇ ಪ್ಲೇಟು ಮಿರಿಮಿರಿ ಮಿಂಚುತ್ತದೆ, ನಿಜ. ಆದರೆ ಗೆರೆಗಳ ತಳದಲ್ಲಿ ಉಳಿದ ಎಣ್ಣೆ ಧೂಳು ಹಿಡಿಯುತ್ತದೆ, ಆ ಜಿಡ್ಡು ಸೂಜಿಯ ತುದಿಗೆ ಮೆತ್ತಿ ಸ್ವರ ಮಂಕಾಗುತ್ತದೆ. ಈ ಆಲ್ಬಮ್ ತೀರಾ ಮೆಲ್ಲನೆಯ ಎದೆಬಡಿತದ ಸದ್ದಿನಿಂದ ಶುರುವಾಗುವುದರಿಂದ ಚಟಪಟ ಅಲ್ಲೇ ಎದ್ದು ಕೇಳುತ್ತದೆ. ಅಭಿಮಾನಿಗಳು ದಶಕಗಳಿಂದ ಜೋಪಾನ ಮಾಡಿದ ಪ್ಲೇಟು ಹೀಗೆ ಕೆಡುವುದು ಸಂಕಟದ ವಿಷಯ.

750 ಮಿ.ಲೀ. ಡಿಸ್ಟಿಲ್ಡ್ ವಾಟರ್‌ಗೆ 250 ಮಿ.ಲೀ. ಐಸೊಪ್ರೊಪೈಲ್ ಆಲ್ಕೋಹಾಲ್, ಎರಡೇ ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ. ಮೈಕ್ರೋಫೈಬರ್ ಬಟ್ಟೆ ಅದ್ದಿ, ಗೆರೆಗಳ ಸುತ್ತಿನಲ್ಲೇ ಒರೆಸಿ. ನಡುವಿನ ಲೇಬಲ್‌ಗೆ ನೀರು ತಾಗದಿರಲಿ. ಬಳಿಕ ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಒರೆಸಿ, ನೆರಳಲ್ಲಿ ನೆಟ್ಟಗೆ ನಿಲ್ಲಿಸಿ ಒಣಗಿಸಿ. ಬಾವಿ ನೀರು ಬೇಡ, ಅದರ ಲವಣ ಗೆರೆಯಲ್ಲಿ ಉಳಿಯುತ್ತದೆ. ಒಳಗಿನ ಹಳೇ ಕಾಗದದ ಕವರ್ ಬದಲಿಸಲೇಬೇಕು. ಬೂಷ್ಟಿನ ಮೂಲ ಅಲ್ಲೇ ಇರುತ್ತದೆ.

ಅಜ್ಜನ ಕಾಲದ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ) ಪ್ಲೇಟುಗಳಿಗೆ ಮಾತ್ರ ಈ ದ್ರಾವಣ ಮುಟ್ಟಿಸಬೇಡಿ. ಅವು ಅರಗಿನವು, ಆಲ್ಕೋಹಾಲ್‌ಗೆ ಕರಗುತ್ತವೆ.

ಈಗಾಗಲೇ ಎಣ್ಣೆ ಹಚ್ಚಿದ್ದರೆ ಎಲ್‌ಪಿಯನ್ನು ಎರಡು ಸಲ ಹೀಗೇ ತೊಳೆಯಿರಿ. ಸೂಜಿಯನ್ನು ಮೆತ್ತನೆಯ ಬ್ರಷ್‌ನಿಂದ ಹಿಂದಿನಿಂದ ಮುಂದಕ್ಕೆ ಮಾತ್ರ ಒರೆಸಿ.