ಬಕೆಟ್ಟಿನೊಳಗಿನ ಕಪ್ಪೆ

ನಮ್ಮನೇಲಿ ಸ್ನಾನದ ಬಕೆಟ್ ಈಗ ಸ್ನಾನಕ್ಕಿಲ್ಲ. ಅಕ್ಕನ ಮಗಳು ಅದಕ್ಕೆ ಅರ್ಧ ಮಣ್ಣು ತುಂಬಿ ಕಪ್ಪೆ ಮರಿ ಬಿಟ್ಕೊಂಡಿದಾಳೆ. ರಾಗಿ ಹೊಲದ ಬದುವಿನ ಮೇಲೆ ಸಿಕ್ಕಿದ್ದಂತೆ, ಹೆಬ್ಬೆರಳ ಉಗುರಿನಷ್ಟು ಉದ್ದ ಇಲ್ಲ, ಅದಕ್ಕೆ ಹದಿನೆಂಟು ಲೀಟರಿನ ಬಂಗ್ಲೆ.

ಅದು ಯಾವ ಕಪ್ಪೆ ಅನ್ನೋದಕ್ಕೆ ಬೀದೀಲಿ ಎಲ್ಲರ ಹತ್ರಾನೂ ಉತ್ತರ ಐತೆ. ಎದುರುಮನೆ ಅಜ್ಜಿ ನೆಲಗಪ್ಪೆ ಅಂದ್ರು, ಮುಟ್ಟಿದ್ರೆ ನರೂಲಿ ಬರುತ್ತೆ ಅಂತ ಬೇರೆ. ನರೂಲಿ ಬರೋದು ವೈರಸ್‌ನಿಂದ ಅಜ್ಜಿ ಅಂದ್ರೆ "ನೀನು ಓದಿರೋನು ಬಿಡಪ್ಪ" ಅಂತಾರೆ, ಆ 'ಬಿಡಪ್ಪ'ದಲ್ಲಿ ನನ್ನ ಡಿಗ್ರಿ ವಾಪಸ್ ಹೋಯ್ತು. ನೆಲಗಪ್ಪೆ ಆಗಿದ್ರೆ ಕಣ್ಣಿನ ಹಿಂದೆ ಉಬ್ಬಿರೋ ಗ್ರಂಥಿ ಇರ್ಬೇಕು, ಇಲ್ಲ. ಮರಗಪ್ಪೆ ಆಗಿದ್ರೆ ಬೆರಳ ತುದೀಲಿ ಅಂಟೋ ಬಿಲ್ಲೆ ಇರ್ಬೇಕು, ಅದೂ ಇಲ್ಲ. ಹಿಂಗಾಲಿನ ಪಾದದಲ್ಲಿ ಸಲಿಕೆ ಥರ ಒಂದು ಗಟ್ಟಿ ಗಂಟು, ಮೈ ಗುಂಡಗೆ, ಸೋ ಮಣ್ಣು ತೋಡ್ಕೊಂಡು ಕೂರೋ ಬಳಗದ್ದು. ಅದ್ರಲ್ಲಿ ಯಾವುದು ಅಂತ ಮರಿ ನೋಡಿ ಹೇಳೋದು ತಿಳಿದೋರಿಗೂ ಕಷ್ಟ.

ಈ ಬಳಗದ ಒಂದು ಹೊಸ ಕಪ್ಪೆ ಬೆಂಗಳೂರಿನ ಹೊರವಲಯದ ರಾಜಾನುಕುಂಟೆ ಹತ್ರ ಸಿಕ್ಕಿ, 2020ರಲ್ಲಿ ಅದಕ್ಕೆ ಸ್ಫೇರೋಥೀಕಾ ಬೆಂಗಳೂರು ಅಂತ ಹೆಸರಿಟ್ರು. ನೋಡಿ, ಕಪ್ಪೇನೂ ಬೆಂಗಳೂರಿನ ಪಾಲು. ನಮ್ಮ ಕೋಲಾರದಿಂದ ಅಲ್ಲಿಗೆ ಟೊಮೇಟೊ ಹೋಗುತ್ತೆ, ಹಾಲು ಹೋಗುತ್ತೆ, ಬೆಳಗ್ಗೆ ಬೆಳಗ್ಗೆ ರೈಲು ತುಂಬ ನಮ್ಮ ಹುಡುಗ್ರು ಹೋಗ್ತಾರೆ, ಅಲ್ಲಿಂದ ವಾಪಸ್ ಬರೋದೇನು ಅಂದ್ರೆ ಅವರು ಬಳಸಿ ಬಿಟ್ಟ ನೀರು. 2018ರಲ್ಲಿ ಕೆ.ಸಿ. ವ್ಯಾಲಿ, ಅಂದ್ರೆ ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ ಕಳಿಸೋ ಯೋಜನೆ, ಅದರ ನೀರು ನಮ್ಮ ಕೆರೆಗಳಿಗೆ ಬಂತಲ್ಲ, ಸುಳ್ಳು ಯಾಕೆ, ತುಂಬಿದ ಕೆರೆ ನೋಡಿ ನಾವೂ ಏರಿ ಮೇಲೆ ನಿಂತು ಸೆಲ್ಫಿ ತಗೊಂಡ್ವಿ. ಆದ್ರೆ ಎರಡೇ ಹಂತ ಶುದ್ಧ ಮಾಡಿ ಕಳಿಸ್ತಾರೆ, ಮೂರನೇದೂ ಮಾಡ್ರಪ್ಪಾ ಅಂತ ಕೇಳಿ ಕೇಳಿ ಇಲ್ಲಿ ಗಂಟಲು ಒಣಗೈತೆ.

ನೀರಿನ ಪುರಾಣ ಯಾಕೆ ತೆಗೆದೆ ಅಂದ್ರೆ ಕಪ್ಪೆ ಬಾಯಲ್ಲಿ ನೀರು ಕುಡಿಯಲ್ಲ, ಚರ್ಮದಲ್ಲೇ ಹೀರ್ಕೊಳ್ಳುತ್ತೆ, ಹಂಗಾಗಿ ನೀರಲ್ಲಿರೋದೆಲ್ಲ ಸೀದಾ ಒಳಗೆ. ನಲ್ಲಿ ನೀರಲ್ಲಿ ಕ್ಲೋರಿನ್, ಆಗಲ್ಲ. ಕಾಯಿನ್ ಹಾಕಿ ಹಿಡ್ಕೊಂಡು ಬರೋ ಫಿಲ್ಟರ್ ನೀರಲ್ಲಿ ಲವಣ ತೀರಾ ಕಮ್ಮಿ, ಅದೂ ಒಳ್ಳೇದಲ್ಲ. ಬೋರ್ ನೀರು 1000 ಅಡಿ ಕೆಳಗಿಂದ ಫ್ಲೋರೈಡ್ ಕರ್ಕೊಂಡು ಬರುತ್ತೆ. ಟ್ಯಾಂಕರ್ ನೀರು ಎಲ್ಲೀದು ಅಂತ ಡ್ರೈವರನ್ನ ಕೇಳಿದ್ರೆ "ನೀರು ಬೇಕಾ ಬೇಡ್ವಾ" ಅಂತಾನೆ. ನಾವು ಇಷ್ಟು ವರ್ಷದಿಂದ ಇದನ್ನೆಲ್ಲ ಗಟಗಟ ಕುಡಿದಿದೀವಿ, ಒಬ್ಬರೂ ವಿಚಾರಿಸಿಲ್ಲ, ಕಪ್ಪೆಗೆ ಮಾತ್ರ ಸಜ್ಜದಿಂದ ಬಿದ್ದ ಮಳೆ ನೀರು ಬಿಂದಿಗೇಲಿ ಹಿಡಿದು ಮುಚ್ಚಿಟ್ಟಿದಾರೆ.

ಊಟದ್ದು ಇನ್ನೊಂದು ಕಥೆ, ಅಲುಗಾಡದೇ ಇರೋದನ್ನ ಅದು ಮೂಸೋದೂ ಇಲ್ಲ. ಅಕ್ಕ ಅನ್ನದ ಅಗುಳು ಹಾಕಿ ಕಾದ್ಲು, ಪಾಪ. ಗೆದ್ದಲು, ಮರಿ ಮಿಡತೆ ಹಿಡಿಯೋ ಡ್ಯೂಟಿ ನನ್ನ ತಲೆಗೆ ಬಂತು. ನುಂಗುವಾಗ ಕಣ್ಣುಗುಡ್ಡೇನೇ ಒಳಗೆ ಎಳ್ಕೊಂಡು ಹುಳ ಗಂಟಲಿಗೆ ತಳ್ಳುತ್ತೆ, ಅದೊಂದು ನೋಡೋಕೆ ಚೆಂದ, ಒಪ್ತೀನಿ. ಮಿಕ್ಕ ಹೊತ್ತೆಲ್ಲ ಮಣ್ಣೊಳಗೆ. ನೆಂಟರು ಬಂದ್ರೆ ಬಕೆಟ್ ಮಣ್ಣು ತೋರಿಸಿ ಇದೇ ನಮ್ಮ ಕಪ್ಪೆ ಅನ್ಬೇಕು.

ಹೊಲದ ಜೀವ, ಹಿಡಿದ ಜಾಗಕ್ಕೇ ಬಿಟ್ಬಿಡಮ್ಮ ಅಂದ್ರೆ "ಭಾನುವಾರ ಬಿಡ್ತೀನಿ ಮಾಮ" ಅಂತಾಳೆ, ಯಾವ ಭಾನುವಾರ ಅಂತ ಹೇಳಲ್ಲ. ಅಷ್ಟರಲ್ಲಿ ಮಳೆ ಕೈಕೊಟ್ಟು ಅಜ್ಜಿ ನರೂಲಿ ಮಾತು ಮರ್ತು, ಇದಕ್ಕೊಂದು ಜೋಡಿ ಹಿಡಿದು ಮದುವೆ ಮಾಡಿ ಮೆರವಣಿಗೆ ತೆಗೀರಿ, ಹೆಂಗೆ ಮಳೆ ಬರಲ್ಲ ನೋಡೋಣ ಅಂತ ಹಟ ಹಿಡಿದಿದಾರೆ. ದೊಡ್ಡದಾದ್ಮೇಲೆ ಗಂಡಿಗೆ ಗಂಟಲ ಚೀಲ ಕಾಣುತ್ತೆ, ಮರೀಲಿ ಗಂಡೋ ಹೆಣ್ಣೋ ಗೊತ್ತಾಗಲ್ಲ ಅಜ್ಜಿ ಅಂದೆ.

"ಮದುವೆ ಅಂದ್ರೆ ನಿಂಗೆ ಯಾವಾಗ್ಲೂ ಒಂದು ನೆಪ" ಅಂದ್ಬಿಟ್ರು.